ಬದುಕಿರುವಾಗಲೇ ಬಂದ ತವರಿನ ಸೀರೆ

ಮಕ್ಕಳೇ, ನಮ್ಮ ಮನೆಗೆ ಬಂದಾಗ ನೀವು ಚಪ್ಪಲಿ ಬಿಡುವ ಮೊದಲೇ ಕೇಳುವುದು ವೈಫೈ ಪಾಸ್‌ವರ್ಡ್. ಹೇಗಿದ್ದೀಯ ಅಜ್ಜಿ ಎಂದು ಕೇಳುವುದು ಆಮೇಲೆ, ಅದೂ ತಲೆ ಎತ್ತದೆ. ಚೆನ್ನಾಗಿದ್ದೇನೆ ಎಂದು ನಿಮ್ಮ ನೆತ್ತಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಹೋದ ವರ್ಷ ನಾನು ಸತ್ತೆನೆಂದು ಪಾವಗಡದವರೆಗೆ ಸುದ್ದಿ ಹೋಯಿತಲ್ಲ, ಅದನ್ನು ನೀವು ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ನಗುತ್ತೀರಿ. ನಡೆದದ್ದು ನಡೆದ ಹಾಗೆ ಒಂದು ಕಡೆ ಇರಲಿ ಎಂದು ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ ಕೈ ಇದು. ತಪ್ಪಿದ್ದ ಕಡೆ ತಿದ್ದಿಕೊಂಡು ಓದಿ. ಇದರಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಹೆಸರಿನಿಂದ ನನಗೆ ಆದದ್ದು ಸಾಕು.

ನಾನಿರುವುದು ಶಿರಾದಲ್ಲಿ, ಮಗ ಸೊಸೆಯ ಜೊತೆ. ಮಗನದು ಕಡಲೆಕಾಯಿ ವ್ಯಾಪಾರ. ಬಿತ್ತನೆಯ ಕಾಯಿಯನ್ನು ಮಿಷನ್ನಿಗೆ ಹಾಕುವಂತಿಲ್ಲ. ಹಾಕಿದರೆ ಬೀಜದ ಮೇಲಿನ ಕೆಂಪು ಸಿಪ್ಪೆ ತರಚುತ್ತದೆ, ತರಚಿದ ಬೀಜ ಮೊಳೆಯುವುದಿಲ್ಲ. ಹಾಗಾಗಿ ಬಿತ್ತನೆಗೆ ಮುಂಚೆ ಜಗಲಿಯ ಮೇಲೆ ಚೀಲ ಸುರಿದುಕೊಂಡು ಕೈಯಲ್ಲೇ ಸುಲಿಯುವುದು ನಮ್ಮ ವರ್ಷವರ್ಷದ ಕೆಲಸ. ಪಕ್ಕದ ಮನೆಯ ಆಪಾ ಕೂಡ ಬಂದು ಕೂರುತ್ತಾರೆ. ಅವರ ಮನೆಯವರು ಮಸೀದಿ ಬೀದಿಯಲ್ಲಿ ಹಾಸಿಗೆ ಹೊಲಿಯುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ಬೀದಿಯೆಲ್ಲ ಕರೆಯುವಂತೆ ನಾನೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತೇನೆ. ನಾನು ಆಡದೆ ಬಿಟ್ಟ ಮಾತನ್ನೆಲ್ಲ ಅವರು ಆಡುತ್ತಾರೆ. ಅದಕ್ಕೇ ನಮಗೆ ಹೊಂದುತ್ತದೆ.

ನಿಮ್ಮಲ್ಲಿ ದೊಡ್ಡವಳು, ಇದೇ ಮಗನ ಮಗಳು, ತುಮಕೂರಿನ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಾಳೆ. ಅವಳ ಗೆಳತಿಯೊಬ್ಬಳು ಪಾವಗಡದ ತಿರುಮಣಿ ಕಡೆಯವಳು, ನನ್ನ ತವರೂರಿನ ಪಕ್ಕದ ಹಳ್ಳಿ. ಹಾಸ್ಟೆಲ್ ಊಟ ಬೇಸರವಾದಾಗಲೆಲ್ಲ ನಮ್ಮ ಮನೆಗೆ ಬಂದು ಎರಡು ದಿನ ಇದ್ದು ಹೋಗುತ್ತಾಳೆ. ಒಳ್ಳೆಯ ಹುಡುಗಿ, ತಟ್ಟೆ ತಾನೇ ತೊಳೆಯುತ್ತಾಳೆ. ಆದರೆ ಆ ಒದ್ದೆ ಕೈಯಲ್ಲೇ ಫೋನು ಹಿಡಿಯುತ್ತಾಳೆ.

ಆ ಸಲ ಇಬ್ಬರೂ ಒಂದು ಬರವಣಿಗೆಯ ಕೆಲಸ ಹೊತ್ತುಕೊಂಡು ಬಂದಿದ್ದರು. ಓದುವ ಹುಡುಗ ಹುಡುಗಿಯರು ಫೋನಿನಲ್ಲಿ ಏನೇನು ನೋಡುತ್ತಾರೆ, ಅದರ ಬಗ್ಗೆ ಏನು ಅಂದುಕೊಂಡಿದ್ದಾರೆ ಎಂದು ಅವರ ಮೇಡಂ ಕೇಳಿ ಬರೆಯಲು ಹೇಳಿದ್ದರಂತೆ. ಬೇರೆಯವರನ್ನು ಕೇಳುವ ಮೊದಲು ನಾವೇ ತುಂಬಿ ನೋಡೋಣ ಎಂದು ಜಗಲಿಯ ಮೇಲೆ ನಮ್ಮ ಜೊತೆ ಕುಳಿತರು. ಕೂತವರ ಮಡಿಲಿಗೆ ನಾನು ಒಂದೊಂದು ಮೊರ ಕಾಯಿ ಸುರಿದೆ. ಎರಡು ಕಾಯಿ ಸುಲಿದರೆ ಒಂದು ಸಲ ಫೋನು, ಹೀಗೆ ಸಾಗಿತು.

"ದಿನಕ್ಕೆ ಎಷ್ಟು ಹೊತ್ತು ನೋಡ್ತೀರ?" ಎಂದು ಗೆಳತಿ ಓದಿದಳು.

"ಒಂದು ಗಂಟೆ ಅಂತ ಹಾಕು," ಎಂದಳು ದೊಡ್ಡವಳು, ಫೋನಿನಿಂದ ಕಣ್ಣು ತೆಗೆಯದೆ.

ನಾನು ಇನ್ನೊಂದು ಕಾಯಿ ಸುಲಿದೆ. ಆಪಾ ಸುಮ್ಮನಿರಲಿಲ್ಲ. "ಬೆಳಿಗ್ಗೆಯಿಂದ ನಿನ್ನ ಎದುರಿಗೇ ಕುಂತಿವ್ನಿ ಕಣಮ್ಮ. ಒಂದು ಗಂಟೆ ಅನ್ನೋದು ಯಾವ ಗಡಿಯಾರದಾಗೆ ಆಯ್ತು?"

"ಅದು ಆವರೇಜ್ ಆಪಾ. ನಿದ್ದೆ ಮಾಡೋ ಟೈಮೂ ಸೇರಿಸ್ಬೇಕು."

"ಅಂಗಾದ್ರೆ ನಾನು ದಿನಕ್ಕೆ ಒಂದು ರೊಟ್ಟಿ ತಿಂತೀನಿ ಅಂತ ಬರ್ಕೋ," ಎಂದರು ಆಪಾ. "ಮಿಕ್ಕಿದ್ದು ಆವರೇಜು."

ಮುಂದಿನ ಪ್ರಶ್ನೆ ಇದರಿಂದ ಏನು ಲಾಭ ಎಂಬುದು. ಟೈಮ್ ವೇಸ್ಟ್ ಅಂತ ಬರಿ ಎಂದಳು ಒಬ್ಬಳು. ಮನಸ್ಸು ಹಾಳಾಗ್ತದೆ ಅಂತಾನೂ ಬರಿ ಎಂದಳು ಇನ್ನೊಬ್ಬಳು. ಇಬ್ಬರೂ ಬಾಯಲ್ಲಿ ಅದನ್ನು ಬೈಯುತ್ತ, ಹೆಬ್ಬೆರಳಿನಲ್ಲಿ ಅದನ್ನೇ ಮೇಲಕ್ಕೆ ತಳ್ಳುತ್ತಿದ್ದರು. ಕುಡಿಯುವವನು ಸಾರಾಯಿಯನ್ನು ಬೈಯುವುದು ಕೂಡ ಲೋಟ ಕೆಳಗಿಟ್ಟ ಮೇಲೆ.

"ನಮ್ಮೂರಾಗೆ ಹೊಲ ಎಲ್ಲಾ ಸೋಲಾರ್‌ಗೆ ಕೊಟ್ಬುಟ್ಟವ್ರೆ ಅಜ್ಜಿ," ಎಂದಳು ಗೆಳತಿ. "ನಮ್ಮ ನಾಯ್ನಂಗೆ ಈಗ ಊರ್ಕೆ ಕುಂತ್ಕಳೋದೇ ಕೆಲ್ಸ. ನಮಗಿಂತ ಜಾಸ್ತಿ ಅವ್ರೇ ನೋಡ್ತಾರೆ. ಅದ್ನೂ ಬರೀಲಾ?" ಅವರ ಕಡೆ ಮಾತಿನಲ್ಲಿ ತೆಲುಗು ಬೆರೆತಿದೆ, ಅಪ್ಪನಿಗೆ ನಾಯ್ನ, ಸುಮ್ಮನೆ ಎನ್ನುವುದಕ್ಕೆ ಊರ್ಕೆ.

"ಸ್ಟೂಡೆಂಟ್ಸ್ ಬಗ್ಗೆ ಮಾತ್ರ ಕೇಳವ್ರೆ, ಬುಡು," ಎಂದಳು ದೊಡ್ಡವಳು.

ಅವತ್ತೇ ನನಗೆ ತಿಳಿದದ್ದು, ದೊಡ್ಡವಳಿಗೆ ಆ ಫೋನಿನೊಳಗೆ ಎರಡು ಮನೆಗಳಿವೆ ಎಂದು. ಒಂದಕ್ಕೆ ಬೀಗ. ಅದರಲ್ಲಿ ಅವಳ ಮುಖ, ಗೆಳತಿಯರ ಮುಖ, ಅವರ ನಗು, ಅವರ ಬಟ್ಟೆ. ಅಪ್ಪ, ಚಿಕ್ಕಪ್ಪ, ಮಾವಂದಿರು ಯಾರನ್ನೂ ಒಳಗೆ ಬಿಡುವುದಿಲ್ಲ. ಬರಬೇಕಾದವರು ಬಾಗಿಲು ಬಡಿದು ಕೇಳಬೇಕು, ಇವಳು ಹೂಂ ಅಂದರೆ ಮಾತ್ರ ಪ್ರವೇಶ. ಇನ್ನೊಂದು ಮನೆಗೆ ಬಾಗಿಲೇ ಇಲ್ಲ. ಅಲ್ಲಿ ಅವಳ ಮುಖವಿಲ್ಲ, ಉಳಿದದ್ದೆಲ್ಲ ಇದೆ. ಶಿರಾದ ಕೆರೆ, ಆಪಾ ಅವರ ಮೇಕೆ, ಸೊಸೆ ಮಾಡಿದ ಉಪ್ಪಿಟ್ಟು. ಒಳ್ಳೆಯದೇ ಬಿಡು, ಮೇಕೆಗೆ ನಾಚಿಕೆ ಇಲ್ಲ ಎಂದುಕೊಂಡೆ.

ಈಗ ಹೆಸರಿನ ವಿಷಯ. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಅದು ಸರಿಯೋ ತಪ್ಪೋ ಎಂದು ನಿಮ್ಮ ಜೊತೆ ವಾದ ಮಾಡುವಷ್ಟು ಓದಿಲ್ಲ ನಾನು. ಹೇಳುತ್ತಿರಲಿಲ್ಲ, ಅಷ್ಟೆ. ನಿಮ್ಮ ತಾತನದು ನಮ್ಮ ಬೆಟ್ಟದ ದೇವರ ಹೆಸರು. ಹಾಗಾಗಿ ಆ ದೇವರನ್ನೂ ನಾನು ಬೆಟ್ಟದಪ್ಪ ಎಂದೇ ಕರೆದುಕೊಂಡು ಬಂದೆ. ಮಂಗಳಾರತಿಯಲ್ಲಿ ಎಲ್ಲರೂ ಹೆಸರು ಕೂಗಿದರೆ ನಾನು ಕೈ ಮಾತ್ರ ಮುಗಿಯುತ್ತಿದ್ದೆ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಕಾರ್ಡನ್ನೇ ಮುಂದೆ ಚಾಚುತ್ತಿದ್ದೆ. ಅವರು ತೀರಿಕೊಂಡ ಮೇಲೂ ಆ ಹೆಸರು ಬಾಯಿಗೆ ಬರಲಿಲ್ಲ. ಬರಬೇಕೆಂದು ನನಗೆ ಅನ್ನಿಸಲೂ ಇಲ್ಲ. ಕೆಲವು ವಸ್ತುಗಳನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು, ಇದೆ ಎಂದು ತಿಳಿದಿದ್ದರೆ ಸಾಕಲ್ಲವೇ?

"ಅಜ್ಜಿ, ತಾತನ ಹೆಸರೇನು?" ಎಂದು ದೊಡ್ಡವಳು ಇದ್ದಕ್ಕಿದ್ದಂತೆ ಕೇಳಿದಳು.

"ನಿಂಗೆ ಗೊತ್ತಿಲ್ವಾ?"

"ನೀನ್ ಹೇಳು. ಒಂದೇ ಒಂದ್ಸಲ."

"ಹೋಗೇ ಅತ್ಲಾಗೆ."

"ಬ್ಯಾಡ, ಕಿವಿಯಲ್ಲಿ ಹೇಳು."

ಗೆಳತಿ ನಕ್ಕಳು, ಆಪಾ ನಕ್ಕರು, ನನಗೂ ನಗು ಬಂತು. ಸೆರಗಿನಿಂದ ಮುಖ ಮುಚ್ಚಿಕೊಂಡೆ. ಬಿಡದೆ ಪೀಡಿಸಿದಾಗ ಮೊರದಲ್ಲಿದ್ದ ಕಾಯಿಹೊಟ್ಟನ್ನು ಬೊಗಸೆಯಲ್ಲಿ ಎತ್ತಿ ಅವಳ ಮೇಲೆ ಎಸೆದೆ. ಬೆಟ್ಟದಪ್ಪನ ಹೆಸ್ರು ಕಣೇ, ಗುಡೀಗೆ ಹೋಗಿ ಕೇಳ್ಕೋ ಎಂದೆ. ಗೆಳತಿಯ ಫೋನು ಎಣ್ಣೆ ಡಬ್ಬಕ್ಕೆ ಒರಗಿಕೊಂಡು ನಿಂತದ್ದನ್ನು ನಾನು ನೋಡಿದ್ದೆ. ಫೋನು ಒರಗಿಕೊಂಡಿದ್ದರೆ ಕಣ್ಣು ಬಿಟ್ಟಿದೆ ಎಂದು ನನಗೇನು ಗೊತ್ತು?

ಅದು ಹಿಡಿದ ವಿಡಿಯೋ ದೊಡ್ಡವಳ ಬಾಗಿಲಿಲ್ಲದ ಮನೆಗೆ ಹೋಯಿತು.

ರಾಗಿ ಬೀಸಿಸಲು ಮಿಲ್ಲಿಗೆ ಹೋಗುವುದು ನನಗೆ ಉಳಿದಿರುವ ಒಂದೇ ತಿರುಗಾಟ. ಮಗ ಗಾಡಿಯಲ್ಲಿ ತರುತ್ತೇನೆ ಎಂದರೂ ಬಿಟ್ಟುಕೊಟ್ಟಿಲ್ಲ. ಬೀದಿ ದಾಟಿ, ಬಸ್ ನಿಲ್ದಾಣದ ಪಕ್ಕದಲ್ಲಿ ಹಾದು, ಯಾರ ಕಣ್ಣಿಗೂ ಬೀಳದ ಹಾಗೆ ಹೋಗಿ ಬರುವುದು. ಯಾರೂ ನೋಡುವುದಿಲ್ಲ ಎಂಬುದೇ ಅದರ ಸುಖ. ಆ ವಾರ ಹೋದಾಗ ಟೀ ಅಂಗಡಿಯ ಮುಂದೆ ನಿಂತಿದ್ದ ಕಾಲೇಜು ಹುಡುಗರಲ್ಲಿ ಒಬ್ಬ, "ಅಜ್ಜಿ, ತಾತನ ಹೆಸರೇನಜ್ಜಿ?" ಎಂದ. ಇನ್ನೊಬ್ಬ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವವನ ಹಾಗೆ ಟವೆಲ್ಲು ಎಳೆದುಕೊಂಡ. ಕೆಟ್ಟ ಹುಡುಗರಲ್ಲ ಅವರು. ಹಿಟ್ಟಿನ ಚೀಲ ಹೊತ್ತುಕೊಡಲೇ ಎಂದೂ ಒಬ್ಬ ಕೇಳಿದ. ಆದರೆ ಅವರೆಲ್ಲರಿಗೂ ನಾನು ಗೊತ್ತು, ನನಗೆ ಅವರಲ್ಲಿ ಒಬ್ಬನೂ ಗೊತ್ತಿಲ್ಲ. ನನ್ನ ಕಾಲು ಮುಂದಕ್ಕೆ ಬರಲಿಲ್ಲ. ರಾಗಿಯನ್ನು ಹಾಗೇ ಮನೆಗೆ ಹೊತ್ತು ತಂದೆ.

"ಅದನ್ನ ತೆಗೆದ್ಬುಡು ಮಗ," ಎಂದು ದೊಡ್ಡವಳಿಗೆ ಹೇಳಿದೆ.

"ಯಾಕಜ್ಜಿ? ಎಲ್ರೂ ಕ್ಯೂಟ್ ಅಂತವ್ರೆ. ಒಬ್ರೂ ಬೈದಿಲ್ಲ. ನಾನು ಹಾಕಿದ್ರಲ್ಲಿ ಇಷ್ಟೊಂದು ಜನ ಯಾವುದನ್ನೂ ನೋಡಿಲ್ಲ ಗೊತ್ತಾ?"

"ನಂಗೆ ಬೀದೀಲಿ ನಡ್ಯಾಕೆ ಆಗ್ತಿಲ್ಲ."

"ಸ್ವಲ್ಪ ದಿನ ತಡ್ಕೋ. ಆಮೇಲೆ ಯಾರೂ ನೆನಪಿಟ್ಕಳಲ್ಲ. ಅದು ಇರೋದೇ ಅಂಗೆ."

"ಮಿಲ್ಲಿಗೆ ಯಾರು ಹೋಗ್ಬೇಕು ಅಲ್ಲೀಗಂಟ?"

"ಪ್ಯಾಕೆಟ್ ಹಿಟ್ಟು ತಂದ್ರೆ ಆಯ್ತಪ್ಪ."

"ಅಷ್ಟು ಚೆಂದ ಇದ್ರೆ ನಿನ್ನ ಮುಖಾನೇ ಹಾಕ್ಕೋಬಾರ್ದಾ?"

ಅವಳು ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿದಳು. "ನನ್ನ ಮುಖ ಹಾಕಿದ್ರೆ ಯಾರ್ಯಾರೋ ನೋಡ್ತಾರೆ ಅಜ್ಜಿ. ಏನೇನೋ ಬರೀತಾರೆ. ಸೇಫ್ ಅಲ್ಲ."

ನಾನು ಎದ್ದು ಒಳಗೆ ಹೋದೆ.

ಮಾರನೇ ದಿನ ನನ್ನನ್ನು ಖುಷಿಪಡಿಸಲು ಅದರ ಕೆಳಗೆ ಜನ ಬರೆದಿದ್ದನ್ನು ಓದಿ ಹೇಳಿದಳು. ಇದು ನಮ್ಮ ಸಂಸ್ಕೃತಿ ಎಂದು ಒಬ್ಬ ಬರೆದಿದ್ದ. ಇದು ಹೆಂಗಸರ ಮೇಲಿನ ದಬ್ಬಾಳಿಕೆ ಎಂದು ಅವಳ ತರಗತಿಯ ಹುಡುಗಿಯೇ ಬರೆದಿದ್ದಳು. ಅವರಿಬ್ಬರ ಹಿಂದೆ ಎರಡು ದಂಡು ಸೇರಿಕೊಂಡು ಅರ್ಧ ಇಂಗ್ಲಿಷಿನಲ್ಲಿ ಕಚ್ಚಾಡುತ್ತಿದ್ದವು. ಅಜ್ಜಿಗೆ ಸ್ವಾತಂತ್ರ್ಯ ಬೇಕು, ಅಜ್ಜಿಗೆ ಗೌರವ ಬೇಕು. ಅಜ್ಜಿಗೆ ರಾಗಿ ಬೀಸಿಸಬೇಕಾಗಿತ್ತು, ಅದನ್ನು ಯಾರೂ ಬರೆದಿರಲಿಲ್ಲ. ಆದರೂ ಇನ್ನೊಮ್ಮೆ ತೆಗೆ ಎಂದೆ. ಪರೀಕ್ಷೆ ಮುಗೀಲಿ ಅಜ್ಜಿ, ಪ್ಲೀಸ್ ಎಂದಳು.

ಪರೀಕ್ಷೆ ಹತ್ತಿರ ಬಂದಾಗ ಅವಳು ಇನ್ನೊಂದು ಕೆಲಸ ಮಾಡಿದಳು. ಓದಲು ಆಗುತ್ತಿಲ್ಲ, ತಲೆ ಕೆಟ್ಟುಹೋಗಿದೆ, ಮನಸ್ಸಿನ ನೆಮ್ಮದಿಗಾಗಿ ಕೆಲವು ದಿನ ಎಲ್ಲದರಿಂದ ದೂರ ಇರುತ್ತೇನೆ ಎಂದು ಅದರಲ್ಲೇ ಬರೆದು, ಫೋನು ಆರಿಸಿ, ಅವಳ ಅಮ್ಮನ ಕೈಗೆ ಕೊಟ್ಟಳು. ಸೊಸೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮನೆಯಲ್ಲಿ ಎಲ್ಲರೂ ಹುಡುಗಿಗೆ ಬುದ್ಧಿ ಬಂತು ಎಂದರು. ನನಗೆ ಮಾತ್ರ ಸಿಟ್ಟು ಬಂತು. ದನವನ್ನು ಬೀದಿಗೆ ಬಿಟ್ಟು ತಾನು ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಕೂತಂತೆ ಆಯಿತಲ್ಲ. ಅವಳ ನೆಮ್ಮದಿ ಬೀರುವಿನಲ್ಲಿ, ನನ್ನ ಮುಖ ಬಸ್ ನಿಲ್ದಾಣದಲ್ಲಿ.

ಬಿಟ್ಟ ದನ ಎಲ್ಲಿ ಮೇಯಲು ಹೋಯಿತು ಎಂಬುದು ನಮಗೆ ಆಮೇಲೆ ತಿಳಿದದ್ದು. ಮಧುಗಿರಿಯಲ್ಲಿ ನನ್ನ ಮೈದುನನ ಮಗನಿದ್ದಾನೆ. ಮರ್ಯಾದೆಯ ಮನುಷ್ಯ, ಮದುವೆ ಕರೆಯೋಲೆಗಳನ್ನು ಅಚ್ಚು ಹಾಕಿಸುವವನು. ಹೆಸರು ಹೇಳದ ಅಜ್ಜಿಯ ಗಂಡ ಯಾರು ಎಂದು ಜನ ಕೇಳುತ್ತಿದ್ದಾರಲ್ಲ, ದೊಡ್ಡಪ್ಪನ ಹೆಸರು ಗೌರವದಿಂದ ಇರಲಿ ಎಂದು ಅದರ ಕೆಳಗೆ ಬರೆದಿದ್ದಾನೆ: ದಿವಂಗತ ಶ್ರೀ ಇಂಥವರ ಧರ್ಮಪತ್ನಿ, ನಮ್ಮ ಪೂಜ್ಯ ದೊಡ್ಡಮ್ಮನವರು. ಕರೆಯೋಲೆಯಲ್ಲಿ ಹಾಕುವ ಹಾಗೆಯೇ. ನಿಮ್ಮ ತಾತನ ಹೆಸರು ಅವತ್ತು ಲೋಕಕ್ಕೆಲ್ಲ ಗೊತ್ತಾಯಿತು. ಅದಿರಲಿ. ಅಲ್ಲಿ ಇರುವವರು ಯಾರೂ ಒಂದು ಸಾಲನ್ನು ಕೊನೆಯವರೆಗೆ ಓದುವುದಿಲ್ಲ. ದಿವಂಗತ ಎಂಬುದನ್ನು ಕಂಡರು, ಮೇಲೆ ನನ್ನ ಮುಖ ಕಂಡರು. ಒಬ್ಬ ಓಂ ಶಾಂತಿ ಎಂದ. ಅವನ ಹಿಂದಿನವನು ಎರಡು ಕೈ ಮುಗಿದ. ಅದರ ಕೆಳಗೆ ಶಾಂತಿಯೋ ಶಾಂತಿ. ಸಂಸ್ಕೃತಿಯವರೂ ದಬ್ಬಾಳಿಕೆಯವರೂ ಜಗಳ ಬಿಟ್ಟು ಒಟ್ಟಿಗೆ ಕೈ ಮುಗಿದರಂತೆ.

ಗೆಳತಿ ಓದುವ ರಜೆಗೆಂದು ಊರಿಗೆ ಹೋಗಿದ್ದಳು. ಅವಳು ಇದನ್ನು ನೋಡಿದಳು. ದೊಡ್ಡವಳ ಫೋನು ಆರಿತ್ತು. ಮನೆಯಲ್ಲಿ ಸಾವಾಗಿದೆ, ಅದಕ್ಕೇ ಆರಿಸಿದ್ದಾಳೆ ಎಂದುಕೊಂಡಳು. ಅಳುತ್ತ ತನ್ನ ತಾಯಿಗೆ ಹೇಳಿದಳು, ತಾಯಿ ಪಕ್ಕದ ಹಳ್ಳಿಯಲ್ಲಿದ್ದ ನನ್ನ ತಮ್ಮನಿಗೆ ಹೇಳಿ ಕಳಿಸಿದಳು.

ನನ್ನ ತಮ್ಮ ನನಗಿಂತ ಚಿಕ್ಕವನು, ಆದರೆ ಎದೆ ನೋವಿಗೆ ಆಸ್ಪತ್ರೆ ಕಂಡು ಬಂದವನು. ನಮ್ಮ ಕಡೆ ಹೆಣ್ಣು ಸತ್ತರೆ ತವರಿನವರು ಹೊಸ ಸೀರೆ ತರಬೇಕು. ಅದನ್ನು ಹೊದಿಸುವವರೆಗೆ ಹೆಣ ಎತ್ತುವುದಿಲ್ಲ. ಆದ್ದರಿಂದ ಸುದ್ದಿ ಕೇಳಿದ ತಕ್ಷಣ ತವರಿನವರು ಕೂರುವುದಿಲ್ಲ, ಹೊರಡುತ್ತಾರೆ.

ಅವತ್ತು ಆಪಾ ಮತ್ತು ನಾನು ಜಗಲಿಯ ಮೇಲೆ ಕೊನೆಯ ಚೀಲ ಸುಲಿಯುತ್ತಿದ್ದೆವು. ಬೀದಿಯ ತಿರುವಿನಲ್ಲಿ ಹೆಂಗಸೊಬ್ಬಳು ದನಿ ತೆಗೆದು ಅಳುವುದು ಕೇಳಿಸಿತು. ಸಾವಿನ ಮನೆಗೆ ಬರುವವರು ತಿರುವಿನಿಂದಲೇ ಅಳು ತೆಗೆಯುತ್ತಾರೆ.

"ಯಾರೋ ಹೋಗ್ಬುಟ್ಟವ್ರೆ ಪಾಪ," ಎಂದೆ.

"ಈ ಬೀದೀಲಿ ಯಾರೂ ಮಲಗಿರ್ಲಿಲ್ವಲ್ಲ," ಎಂದರು ಆಪಾ. "ನೋಡಿ ಬರೋಣ, ಏಳಿ."

ಸೆರಗು ಸರಿ ಮಾಡಿಕೊಂಡು ಕೆಳಗೆ ಇಳಿದೆ. ಟೆಂಪೋ ಒಂದು ನಮ್ಮ ಮನೆಯ ಮುಂದೆಯೇ ನಿಂತಿತು. ಮೊದಲು ಇಳಿದದ್ದು ನನ್ನ ತಮ್ಮ. ಒಂದು ಕೈಯಲ್ಲಿ ಹೂವಿನ ಹಾರ, ಕಂಕುಳಲ್ಲಿ ಅಂಗಡಿಯ ಕವರು. ಹಿಂದೆ ಅವನ ಹೆಂಡತಿ, ಅಂದರೆ ನನ್ನ ನಾದಿನಿ, ಅವಳ ಹಿಂದೆ ಕಣ್ಣು ಊದಿಸಿಕೊಂಡ ಗೆಳತಿ. ತಮ್ಮ ಮನೆಯ ಕಡೆ ಎರಡು ಹೆಜ್ಜೆ ಇಟ್ಟು, ನನ್ನನ್ನು ನೋಡಿ, ಹಾರ ಹಿಡಿದುಕೊಂಡೇ ಮಣ್ಣಿನ ಮೇಲೆ ಕುಸಿದು ಕುಳಿತ.

ನನಗೆ ಆ ಗಳಿಗೆಯಲ್ಲಿ ಬೇರೆ ಏನೂ ಹೊಳೆಯಲಿಲ್ಲ. ಸತ್ತದ್ದು ನಾನಲ್ಲ, ಇವನು ಎಂದೇ ಅಂದುಕೊಂಡೆ. ಓಡಿಹೋಗಿ ತಲೆ ಹಿಡಿದುಕೊಂಡೆ. ಆಪಾ ನೀರು ತಂದು ಮುಖಕ್ಕೆ ಎರಚಿದರು. ನನ್ನ ನಾದಿನಿ ಮಾತ್ರ ಕಣ್ಣು ಮುಚ್ಚಿಕೊಂಡು ಅಳುತ್ತಲೇ ಇದ್ದಳು. ನಾನು ಎಷ್ಟು ಒಳ್ಳೆಯವಳಾಗಿದ್ದೆ, ಹೇಗೆ ಕೈತುಂಬ ಬಡಿಸುತ್ತಿದ್ದೆ ಎಂದು ಹಾಡಿಕೊಂಡು ಅಳುತ್ತಿದ್ದಳು. ಬದುಕಿದ್ದಾಗ ಅವಳ ಬಾಯಿಂದ ಇದರಲ್ಲಿ ಒಂದು ಮಾತನ್ನೂ ನಾನು ಕೇಳಿರಲಿಲ್ಲ.

"ಅಳೋದು ನಿಲ್ಸಮ್ಮ, ಇಲ್ಲೇ ಅವ್ರೆ ನಿಮ್ಮ ಅತ್ತಿಗೆ," ಎಂದು ಆಪಾ ಅವಳ ಭುಜ ಅಲುಗಿಸಿದರು. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಹಿಡಿದ ಸಾಲನ್ನು ಮುಗಿಸಿ, ಆಮೇಲೆ ನಿಲ್ಲಿಸಿದಳು.

ತಮ್ಮ ಚೇತರಿಸಿಕೊಂಡು ಜಗಲಿಗೆ ಒರಗಿ, ಸುದ್ದಿ ಬಂದ ಬಗೆ ಹೇಳಿದ. "ಫೋನ್ ಮಾಡಿ ಕೇಳ್ಬಾರ್ದಾಗಿತ್ತಾ?" ಎಂದೆ. ಸಿಟ್ಟಿನಲ್ಲಿ ನನ್ನ ದನಿ ಬೀದಿಗೆ ಕೇಳಿಸಿತು.

"ಏನಂತ ಕೇಳ್ಲಿ ಅಕ್ಕ? ನಮ್ಮಕ್ಕ ಸತ್ತಿದ್ದು ನಿಜಾನಾ ಅಂತ ಫೋನ್‌ನಾಗೆ ಕೇಳೋ ಮಾತಾ ಅದು? ಸತ್ತಿದ್ರೆ ತವರಿನವ್ನು ಹೊರಡ್ದೆ ಕೇಳ್ತಾ ಕುಂತ ಅನ್ನಿಸ್ಕಬೇಕಾಯ್ತದೆ. ಸಾಯ್ದೆ ಇದ್ರೆ ಅಪಶಕುನ ಆಯ್ತದೆ."

"ನಾನೂ ಅಂಗೇ ಅಂದ್ಕಂಡೆ ಅಜ್ಜಿ," ಎಂದಳು ಗೆಳತಿ. "ನಿಮ್ಮಜ್ಜಿ ಹೋದ್ರಾ ಅಂತ ಹೆಂಗ್ ಕೇಳೋದು? ಅದಕ್ಕೇ ಸ್ಟೇಟಸ್ ಹಾಕ್ದೆ."

ಕೇಳಲು ನಾಚಿಕೆ, ಊರಿಗೆಲ್ಲ ಸಾರಲು ನಾಚಿಕೆಯಿಲ್ಲ. ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಹುಡುಗಿ ನಿಜವಾಗಿಯೂ ಅತ್ತಿದ್ದಳು.

ಗದ್ದಲ ಕೇಳಿ ದೊಡ್ಡವಳು ಪುಸ್ತಕ ಬಿಟ್ಟು ಹೊರಗೆ ಬಂದಳು. ನಡೆದದ್ದು ತಿಳಿಯುತ್ತಲೇ ಬೀರುವಿನಿಂದ ಫೋನು ತೆಗೆಸಿ ಹಚ್ಚಿದಳು. ಅದು ಎಷ್ಟು ಹೊತ್ತು ಟಣ್ ಟಣ್ ಎಂದಿತೋ. ಅವಳ ಮುಖ ಬಿಳುಚಿಕೊಂಡಿತು. ಆಮೇಲೆ ಅವಳು ಮಾಡಿದ್ದು ಏನು ಗೊತ್ತೇ? ಹಾರ ಹಿಡಿದ ತಮ್ಮ, ಪಕ್ಕದಲ್ಲಿ ಸೀರೆಯ ಕವರು, ನಡುವೆ ನಾನು. ಆ ಕಡೆಗೆ ಫೋನು ಎತ್ತಿ ಹಿಡಿದಳು.

"ಇಡು ಕೆಳಗೆ," ಎಂದೆ.

"ನೀನು ಬದುಕಿದ್ದೀಯ ಅಂತ ಹಾಕ್ಬೇಕಲ್ಲ ಅಜ್ಜಿ. ಇಲ್ದಿದ್ರೆ ಯಾರು ನಂಬ್ತಾರೆ?"

"ನಾನು ಬದ್ಕಿರೋದಕ್ಕೆ ಅವ್ರು ಯಾಕೆ ನಂಬ್ಬೇಕು? ನೀನು ನೋಡ್ದಲ್ಲ. ನಿನ್ನ ಕಣ್ಣಾಗೆ ನೋಡು. ನನ್ನ ಮುಖಕ್ಕೆ ಒಂದು ಬೀಗ ಹಾಕೋಕೆ ನಿನ್ನ ಕೈಲಿ ಆಗ್ಲಿಲ್ಲ. ನಿನ್ನ ಮುಖಕ್ಕೆ ಎರಡು ಹಾಕ್ಕೊಂಡಿದ್ದೀಯ, ಫೋನಿನಾಗೊಂದು, ಬೀರುವಿನಾಗೊಂದು."

ಅಷ್ಟು ಉದ್ದದ ಮಾತನ್ನು ಅಷ್ಟು ಜನರ ಮುಂದೆ ನಾನು ಎಂದೂ ಆಡಿರಲಿಲ್ಲ. ಆಪಾ 'ಅರೆ' ಎಂದು ನನ್ನ ಮುಖ ನೋಡಿದರು. ದೊಡ್ಡವಳು ಫೋನು ಇಳಿಸಿದಳು. ತಮ್ಮನ ಕೈಯಲ್ಲಿದ್ದ ಹಾರ ನೋಡಿದಳು, ನನ್ನನ್ನು ನೋಡಿದಳು. ಅಲ್ಲೇ ನಿಂತು ಬೆರಳಾಡಿಸಿ, "ತೆಗೆದೆ ಅಜ್ಜಿ," ಎಂದಳು.

"ಎಲ್ಲಾ ಕಡೆಯಿಂದಾನಾ?"

ಅವಳು ತಲೆ ತಗ್ಗಿಸಿದಳು. "ನಂದ್ರಿಂದ."

ಬೇರೆಯವರು ಅಷ್ಟರಲ್ಲಿ ಎತ್ತಿಕೊಂಡು ಹೋಗಿದ್ದರಂತೆ. ಅದನ್ನು ವಾಪಸು ತರಲು ಅವಳಿಗೆ ಬರುವುದಿಲ್ಲ. ಎಂ.ಎ. ಓದಿದರೂ ಬರುವುದಿಲ್ಲ.

ಸೀರೆಯ ಪಂಚಾಯಿತಿ ಶುರುವಾದದ್ದು ಊಟ ಮುಗಿದ ಮೇಲೆ. ಹೆಣಕ್ಕೆಂದು ತಂದ ಸೀರೆಯನ್ನು ತವರಿಗೆ ವಾಪಸು ಒಯ್ಯುವಂತಿಲ್ಲ. ಒಯ್ದರೆ ಆ ಮನೆಗೆ ಆಗದು ಎಂದಳು ನಾದಿನಿ. ಈ ಮನೆಯೊಳಗೂ ತರಬೇಡಿ ಎಂದಳು ಸೊಸೆ. ಅಂಗಡಿಗೆ ಕೊಟ್ಟರೆ ಇನ್ಯಾರೋ ಗೊತ್ತಿಲ್ಲದೆ ಉಡುತ್ತಾರೆ, ಅದು ಪಾಪ. ಹಾರದ ಚಿಂತೆ ಇರಲಿಲ್ಲ. ಅದನ್ನು ಆಪಾ ಅವರ ಮೇಕೆ ಆಗಲೇ ತಿಂದಿತ್ತು.

"ನಂಗೆ ಕೊಡಿ," ಎಂದರು ಆಪಾ. "ಹಾಸಿಗೆ ಗವಸು ಮಾಡಿಸ್ತೀನಿ. ನಮ್ಗೆ ಯಾವ ಶಕುನಾನೂ ತಗಲಲ್ಲ."

ಎಲ್ಲರೂ ನಕ್ಕರು, ತಮ್ಮ ನಗಲಿಲ್ಲ. ಅವನು ಕವರಿನಿಂದ ಸೀರೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಬದನೆಕಾಯಿ ಬಣ್ಣ, ಸಣ್ಣ ಹಳದಿ ಅಂಚು. ಗಂಡ ಸತ್ತ ಹೆಂಗಸಿನ ಹೆಣಕ್ಕೆ ಬಿಳಿಯದೋ ತಿಳಿಬಣ್ಣದ್ದೋ ತರುವುದು ವಾಡಿಕೆ.

"ಅಂಗಡಿಯವ್ನು ಬಿಳೀದೇ ಕೊಟ್ಟ," ಎಂದ. "ನಮ್ಮಕ್ಕಂಗೆ ಬಿಳೀದು ಆಗಲ್ಲ, ಬದನೇಕಾಯಿ ಬಣ್ಣದ್ದು ಕೊಡು ಅಂದೆ. ಚಿಕ್ಕೋಳಾಗಿದ್ದಾಗ ನಿಂಗೊಂದು ಲಂಗ ಇತ್ತಲ್ಲ ಅಕ್ಕ. ಅದು ಹರ್ದೋಯ್ತು ಅಂತ ಹೆಂಗ್ ಅತ್ತಿದ್ದೆ ನೀನು."

ಆ ಲಂಗ ನನಗೇ ಮರೆತುಹೋಗಿತ್ತು. ಸೀರೆಯನ್ನು ಅವನ ತೊಡೆಯಿಂದ ಎತ್ತಿಕೊಂಡೆ. ಸೊಸೆ ಬೇಡ ಬೇಡ ಎಂದಳು. ಅರಿಶಿನದ ನೀರು ಚಿಮುಕಿಸು, ಒಳಗೆ ತರುತ್ತೇನೆ ಎಂದೆ. ನನಗೆಂದು ತಂದದ್ದು ತಾನೇ? ಇವತ್ತಲ್ಲ ನಾಳೆ ನನ್ನ ಮೈಮೇಲೆಯೇ ಬರಬೇಕಾದದ್ದು. ನಾನು ನೋಡುವ ಹಾಗಿರುವಾಗಲೇ ಬರಲಿ.

ಉಟ್ಟುಕೊಂಡು ಹೊರಗೆ ಬಂದಾಗ ದೊಡ್ಡವಳು ಬಾಗಿಲಲ್ಲಿ ನಿಂತಿದ್ದಳು. ಫೋನು ಕೈಯಲ್ಲೇ ಇತ್ತು, ಮುಖ ಕೆಳಗೆ ಮಾಡಿ ಹಿಡಿದಿದ್ದಳು.

"ಅಜ್ಜಿ, ಒಂದೇ ಒಂದು ತೆಗೀಲಾ? ಯಾರ್ಗೂ ತೋರ್ಸಲ್ಲ. ಬೀಗ ಹಾಕಿರೋ ಕಡೆ ಇಡ್ತೀನಿ."

ಕೇಳಿದಳಲ್ಲ, ಅಷ್ಟಾದರೂ ಆಯಿತು. "ಬ್ಯಾಡ," ಎಂದೆ. ಅವಳು ಸರಿ ಎಂದಳು.

ಅವಳ ಬರವಣಿಗೆಯ ಕೆಲಸವೂ ಮುಗಿಯಿತು. ಅದರಲ್ಲಿ ನನ್ನ ಕತೆಯನ್ನೂ ಸೇರಿಸಿದ್ದಾಳಂತೆ. ಹೆದರಬೇಡ ಅಜ್ಜಿ, ಶಿರಾದ ಒಬ್ಬ ವೃದ್ಧೆ ಅಂತ ಅಷ್ಟೇ ಬರ್ದಿದ್ದೀನಿ, ಒಬ್ರ ಹೆಸ್ರು ಕೇಳ್ದೆ ಬರೀಬಾರ್ದು ಅಂತ ಮೇಡಂ ಹೇಳವ್ರೆ ಎಂದಳು. ಮೇಡಂ ಒಬ್ಬರು ಓದುವ ಕಾಗದದಲ್ಲಿ ಹೆಸರು ಬರೆಯಬಾರದಂತೆ. ನಿಮ್ಮ ವಿದ್ಯೆ ನನಗೆ ಅರ್ಥವಾಗದಿದ್ದರೆ ನನ್ನನ್ನು ಬೈಯಬೇಡಿ.

ತಮ್ಮನನ್ನು ಆ ಸಂಜೆ ಟೆಂಪೋ ಹತ್ತಿಸಿ ಕಳಿಸಿದೆ. ಮಾರನೇ ದಿನ ಅದೇ ಸೀರೆಯಲ್ಲಿ, ಎಷ್ಟೋ ದಿನದಿಂದ ಮೂಲೆಯಲ್ಲಿದ್ದ ರಾಗಿ ಚೀಲ ಎತ್ತಿಕೊಂಡು ಮಿಲ್ಲಿಗೆ ಹೊರಟೆ. ಟೀ ಅಂಗಡಿಯ ಮುಂದೆ ಅದೇ ಹುಡುಗರು. ಒಬ್ಬ ನನ್ನನ್ನು ಕಂಡು, "ಅಜ್ಜಿ, ತಾತನ ಹೆಸ್ರು..." ಎಂದು ಶುರು ಮಾಡಿದ. ಪಕ್ಕದಲ್ಲಿದ್ದವನು ಅವನ ಬೆನ್ನಿಗೆ ಗುದ್ದಿದ.

"ಲೇ, ಸುಮ್ನಿರ್ಲಾ. ಆ ಅಜ್ಜಿ ಸತ್ತೋಯ್ತು ಕಣ್ಲಾ, ನಾನೇ ಓಂ ಶಾಂತಿ ಹಾಕಿವ್ನಿ. ಇವ್ರು ಬೇರೆ."

ನಾನು ನಿಲ್ಲಲಿಲ್ಲ, ತಿದ್ದಲೂ ಹೋಗಲಿಲ್ಲ. ರಾಗಿ ಬೀಸಿಸಿಕೊಂಡು, ಹಿಟ್ಟು ಬೆಚ್ಚಗಿರುವಾಗಲೇ ಚೀಲ ಸೊಂಟಕ್ಕೆ ಇಟ್ಟುಕೊಂಡು, ಬಸ್ ನಿಲ್ದಾಣದ ಪಕ್ಕದಲ್ಲೇ ಹಾದು ಮನೆಗೆ ಬಂದೆ. ಯಾರೂ ನೋಡಲಿಲ್ಲ. ಈಗಲೂ ಹೋಗುತ್ತೇನೆ. ಆ ಹುಡುಗರ ಮಟ್ಟಿಗೆ ನಾನು ಬೇರೆ ಅಜ್ಜಿಯೇ ಆಗಿ ಉಳಿದಿದ್ದೇನೆ, ಉಳಿಯಲಿ.

ಆ ಸೀರೆಯಲ್ಲಿ ನನ್ನ ಫೋಟೋ ಎಲ್ಲೂ ಇಲ್ಲ. ಹುಡುಕಬೇಡಿ. ಹೇಗೆ ಕಾಣುತ್ತೇನೆ ಎಂದು ನೋಡಬೇಕಾದರೆ ಬಂದಾಗ ಒಂದು ಸಲ ತಲೆ ಎತ್ತಿ.